ಹತ್ತೇ ನಿಮಿಷಕ್ಕೆ ತೋಳು ಸೋಲುವುದೇಕೆ?

ಪ್ರಶ್ನೆ: ಕಾಳಿ ನದಿಯಲ್ಲಿ ಮೊನ್ನೆ ಮೊದಲ ಸಲ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಪುಟ್ಟ ದೋಣಿ) ಹತ್ತಿದೆ. ಹತ್ತು ನಿಮಿಷಕ್ಕೇ ತೋಳು ಸೋತಿತು. ದೋಣಿಯೂ ನೇರ ಹೋಗದೆ ಎಡಕ್ಕೇ ತಿರುಗುತ್ತಿತ್ತು. ನನಗೆ ಶಕ್ತಿ ಸಾಲದೇ? (ಕಾರವಾರದ ಓದುಗರೊಬ್ಬರು)

ಉತ್ತರ: ಶಕ್ತಿ ಸಾಕಷ್ಟಿದೆ, ಅದನ್ನೆಲ್ಲ ತೋಳೊಂದರಿಂದಲೇ ವಸೂಲು ಮಾಡಲು ಹೋಗಿದ್ದೀರಿ. ನಮ್ಮ ಕಡಲ ದಂಡೆಯಲ್ಲಿ ರಂಪಣಿ ಬಲೆ ಎಳೆಯುವವರನ್ನು ನೆನಪಿಸಿಕೊಳ್ಳಿ. ಹಗ್ಗ ಹಿಡಿದ ಕೈ ಬಹುಪಾಲು ನೇರವಾಗಿಯೇ ಇರುತ್ತದೆ. ಕಾಲನ್ನು ಮರಳಿಗೆ ಊರಿ, ಇಡೀ ಮೈಯನ್ನು ಹಿಂದಕ್ಕೆ ವಾಲಿಸಿ ಎಳೆಯುತ್ತಾರೆ. ಅಲ್ಲಿ ಕೈ ಬರೀ ಕೊಕ್ಕೆ. ಎರಡೂ ತುದಿಗೆ ಅಲಗಿರುವ ಕಯಾಕಿನ ಹುಟ್ಟು ಹಿಡಿದಾಗಲೂ ಕೈಗೆ ಅಷ್ಟೇ ಕೆಲಸ.

ಮೊದಲು ಕುಳಿತುಕೊಳ್ಳುವುದನ್ನು ಸರಿಪಡಿಸಿ. ಆರಾಮಕುರ್ಚಿಯಲ್ಲಿ ಒರಗಿದಂತೆ ಕುಳಿತರೆ ಸೊಂಟ ತಿರುಗುವುದಿಲ್ಲ. ಬೆನ್ನು ನೆಟ್ಟಗಿರಲಿ, ಮಂಡಿ ತುಸು ಮಡಚಿರಲಿ, ಪಾದಗಳು ದೋಣಿಯೊಳಗೆ ಕಾಲೂರಲು ಇರುವ ಆನಿಕೆಗೆ ಗಟ್ಟಿಯಾಗಿ ತಾಗಿರಲಿ. ಹುಟ್ಟನ್ನು ತಲೆಯ ಮೇಲೆ ಅಡ್ಡ ಇಟ್ಟು, ಮೊಣಕೈ ಲಂಬಕೋನಕ್ಕೆ ಬರುವಂತೆ ಹಿಡಿದರೆ ಕೈಗಳ ನಡುವಿನ ಅಂತರ ಸರಿಯಾಗುತ್ತದೆ. ಅಲಗಿನ ತಗ್ಗಿರುವ ಮುಖ ನಿಮ್ಮ ಕಡೆಗಿರಬೇಕು. ಇದನ್ನು ತಿರುವುಮುರುವು ಹಿಡಿದು ಅರ್ಧ ನದಿ ದಾಟಿದವರೂ ಇದ್ದಾರೆ!

ಈಗ ಎಳೆತ. ಬಲಗಡೆ ಹಾಕುವಾಗ ಬಲ ಭುಜ ಮುಂದೆ ಬರುವಂತೆ ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸಿ, ಕಾಲ್ಬೆರಳುಗಳ ನೇರಕ್ಕೆ, ದೋಣಿಯ ಪಕ್ಕದಲ್ಲೇ ಅಲಗನ್ನು ಪೂರ್ತಿ ಮುಳುಗಿಸಿ. ಮುಳುಗಿದ ಮೇಲೆಯೇ ಬಲ ಹಾಕಬೇಕು. ಅದಕ್ಕೂ ಮೊದಲು ಎಳೆದರೆ ನೀರು ಚಿಮ್ಮುತ್ತದೆಯೇ ಹೊರತು ದೋಣಿ ಸಾಗುವುದಿಲ್ಲ. ಬಲಗಾಲಿನಿಂದ ಆನಿಕೆಯನ್ನು ಒತ್ತುತ್ತ ಮೈಯನ್ನು ಮರಳಿ ತಿರುಗಿಸಿ. ಅಲಗು ಸೊಂಟದ ಬಳಿ ಬಂದೊಡನೆ ನೀರಿನಿಂದ ಮೇಲೆತ್ತಿ. ಅಷ್ಟರಲ್ಲಿ ಎಡ ಭುಜ ತಾನಾಗಿಯೇ ಮುಂದೆ ಬಂದಿರುತ್ತದೆ. ಹಿಡಿತ ಸಡಿಲವಿರಲಿ. ಮರುದಿನ ತೋಳಿಗಿಂತ ಹೊಟ್ಟೆಯ ಪಕ್ಕಗಳು ನೊಂದರೆ ಸಂತೋಷಪಡಿ.

ದೋಣಿ ಎಡಕ್ಕೆ ತಿರುಗಿದ್ದೂ ಬಹುಶಃ ಇಲ್ಲಿಂದಲೇ. ನೀವು ಬಲಗೈಯವರಾಗಿದ್ದರೆ ಬಲಗಡೆಯ ಎಳೆತ ಜೋರಾಗಿ, ಸೊಂಟ ದಾಟಿ ಹಿಂದಿನವರೆಗೂ ಹೋಗಿರುತ್ತದೆ. ಹಿಂದೆ ಹೋದ ಅಲಗು ದೋಣಿಯನ್ನು ಮುಂದೆ ನೂಕುವುದಕ್ಕಿಂತ ತಿರುಗಿಸುವುದೇ ಹೆಚ್ಚು. ಬೇಕೆಂದೇ ತಿರುಗಿಸಲೂ ಇದೇ ಉಪಾಯ: ಎಡಕ್ಕೆ ಹೊರಳಬೇಕಿದ್ದರೆ ಬಲಗಡೆ, ಮುಂದಿನಿಂದ ಹಿಂದಿನವರೆಗೆ ಅಗಲವಾದ ಅರ್ಧವೃತ್ತ ಎಳೆಯಿರಿ. ಗಾಳಿಯೂ ದೋಣಿಯನ್ನು ತಿರುಗಿಸಬಲ್ಲದು. ಆದರೆ ಮೊದಲ ದಿನವೇ ತಪ್ಪನ್ನು ಗಾಳಿಯ ಮೇಲೆ ಹಾಕಬೇಡಿ.

ಇನ್ನೊಂದು ಮಾತು, ನೀವು ಕೇಳದೇ ಇದ್ದರೂ. ಅಳಿವೆಯ ಹತ್ತಿರ ಕಾಳಿ ನದಿಯೂ ಹೌದು, ಕಡಲೂ ಹೌದು. ಸುಮಾರು ಆರು ಗಂಟೆಗೊಮ್ಮೆ ನೀರು ದಿಕ್ಕು ಬದಲಿಸುತ್ತದೆ, ಆ ಹೊತ್ತೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಬೆಳಗಿನ ಉಬ್ಬರದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿರುವ ಮೇಲ್ಗಡೆಗೆ ಹೋಗಿ, ನೀರು ತಿರುಗುವ ಹೊತ್ತಿಗೆ ಮರಳಿ ಹೊರಡಿ. ಇಳಿತ ಜೋರಾದರೆ ಹೊಸಬರನ್ನು ಅದು ಕಡಲ ಕಡೆಗೇ ಎಳೆಯುತ್ತದೆ. ಮಧ್ಯಾಹ್ನ ಪಡುವಣ ಗಾಳಿ ಎದ್ದರೆ ದಡ ಸೇರುವವರೆಗೂ ಅದನ್ನು ಮುಖಕ್ಕೆ ತೆಗೆದುಕೊಳ್ಳಬೇಕು. ಜೀವರಕ್ಷಕ ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಬಿಗಿದಿರಿ. ಮಗುಚಿದರೆ ದಡಕ್ಕೆ ಈಜಲು ಹೊರಡದೆ ದೋಣಿಯನ್ನೇ ಹಿಡಿದುಕೊಂಡಿರಿ. ಅದು ತೇಲುತ್ತಿರುತ್ತದೆ, ದೂರದಿಂದಲೂ ಕಾಣುತ್ತದೆ.