"ನಮ್ಮಲ್ಲಿ 90% ಗುಣ" ಅನ್ನುವ ರಿಹ್ಯಾಬ್ ಸೆಂಟರನ್ನು ನಂಬಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಗಾಂಜಾದಿಂದ ಶುರುವಾಗಿ ಈಗ ನೋವಿನ ಮಾತ್ರೆಗೆ ಬಂದು ನಿಂತಿದ್ದಾನೆ. ಕೆಲವು ರಿಹ್ಯಾಬ್ ಸೆಂಟರ್‌ಗಳಿಗೆ ಫೋನ್ ಮಾಡಿದೆವು. ಒಬ್ಬರು "ನಮ್ಮಲ್ಲಿ 90% ಜನ ಗುಣ" ಅಂದರು. ಇನ್ನೊಬ್ಬರು ಗ್ಯಾರಂಟಿ ಅಂದರು. ಯಾವುದು ಒಳ್ಳೆಯದು ಅಂತ ತಿಳಿಯುವುದು ಹೇಗೆ?

ಉತ್ತರ: ಗ್ಯಾರಂಟಿ ಅಂದವರನ್ನು ಮೊದಲು ಪಟ್ಟಿಯಿಂದ ತೆಗೆದುಬಿಡಿ. 90% ಅಂದವರಿಗೆ ಇನ್ನೊಂದು ಸಲ ಫೋನ್ ಮಾಡಿ ಕೇಳಿ: "ಯಾರಲ್ಲಿ 90%? ಯಾವಾಗ ಲೆಕ್ಕ ಹಾಕಿದ್ದು?"

ಇಂಥ ಲೆಕ್ಕ ಹೇಗೆ ಹುಟ್ಟುತ್ತದೆ ನೋಡಿ. ಒಂದು ವರ್ಷದಲ್ಲಿ 100 ಜನ ಸೇರಿದರು ಅಂದುಕೊಳ್ಳೋಣ. 40 ಜನ ಅರ್ಧಕ್ಕೇ ಬಿಟ್ಟು ಹೋದರು. 60 ಜನ ಪೂರ್ತಿ ಮುಗಿಸಿದರು. ಆರು ತಿಂಗಳ ಮೇಲೆ ಸೆಂಟರ್‌ನವರು ಇವರಿಗೆಲ್ಲ ಫೋನ್ ಮಾಡಿದರೆ ಎತ್ತಿದ್ದು 30 ಜನ. ಅವರಲ್ಲಿ 27 ಜನ "ಮುಟ್ಟಿಲ್ಲ ಸಾರ್" ಅಂದರು. 30ಕ್ಕೆ 27, ಅಂದರೆ 90%. ಕರಪತ್ರದಲ್ಲಿ ಅಚ್ಚಾಗಿಹೋಯಿತು. ಹುಡುಕಿದರೂ ಇದರಲ್ಲಿ ಒಂದು ಸುಳ್ಳಿಲ್ಲ. ಆದರೆ ಬಾಗಿಲು ದಾಟಿ ಒಳಗೆ ಬಂದವರು 100 ಜನ, ಅಲ್ವಾ? ಅಲ್ಲಿಂದ ಲೆಕ್ಕ ಹಿಡಿದರೆ 27%. ಫೋನ್ ಎತ್ತದವರೆಲ್ಲ ಮತ್ತೆ ಶುರು ಮಾಡಿದ್ದಾರೆ ಅಂತಲ್ಲ. ಆದರೂ ಚೆನ್ನಾಗಿರುವವನೇ ಜಾಸ್ತಿ ಫೋನ್ ಎತ್ತುವುದು.

ಬರೀ ಬಾಯಿಮಾತೋ, ಮೂತ್ರ ಪರೀಕ್ಷೆಯೂ ಇತ್ತೋ ಅಂತಲೂ ಕೇಳಿ. ಹೆರಾಯಿನ್ ಎರಡು ಮೂರು ದಿನ ಕಳೆದರೆ ಮೂತ್ರದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ದಿನಾ ಗಾಂಜಾ ಸೇದಿದವನಲ್ಲಿ ವಾರಗಟ್ಟಲೆ ಸಿಗುತ್ತದೆ. ಹಾಗಾಗಿ ಹೆರಾಯಿನ್‌ನಂಥ ಚಟಕ್ಕೆ "ಸೋಮವಾರ ಟೆಸ್ಟ್ ಇದೆ ಬಾ" ಅಂತ ಮೊದಲೇ ಹೇಳಿ ಮಾಡಿದ ಪರೀಕ್ಷೆಗೆ ಅಷ್ಟೇನೂ ಬೆಲೆಯಿಲ್ಲ.

ಇನ್ನು "ಕೋರ್ಸ್ ಮುಗಿಸಿದ್ದಾನೆ" ಅನ್ನುವ ಸರ್ಟಿಫಿಕೇಟ್. ನನಗೆ ಇದರ ಮೇಲೆ ಭಾರಿ ಅನುಮಾನ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2003ರಲ್ಲಿ ಲಂಡನ್ನಿನ ಒಂದು ಅಧ್ಯಯನ ಬಂತು. ಹೆರಾಯಿನ್‌ನಂಥ ಚಟ ಬಿಡಲು ಆಸ್ಪತ್ರೆ ಸೇರಿದ್ದ 137 ಜನ ಆಮೇಲೆ ಏನಾದರು ಅಂತ ನೋಡಿದ್ದರು. ಮೊದಲ ನಾಲ್ಕು ತಿಂಗಳಲ್ಲಿ ಓವರ್‌ಡೋಸ್ ಆಗಿ ಮೂವರು ಸತ್ತಿದ್ದರು. ಮೂವರೂ ಚಿಕಿತ್ಸೆಯನ್ನು ಪೂರ್ತಿ ಮುಗಿಸಿದವರು! ಅರ್ಧಕ್ಕೆ ಬಿಟ್ಟು ಹೋದವರಲ್ಲಿ ಒಬ್ಬರೂ ಇರಲಿಲ್ಲ. ಕಾರಣ ಇಷ್ಟೇ: ಕೆಲವು ವಾರ ಬಿಟ್ಟರೆ ದೇಹ ಹಳೆಯ ಡೋಸನ್ನು ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹೊರಗೆ ಬಂದವನು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

ನಿಮ್ಮ ತಮ್ಮನ ವಿಷಯದಲ್ಲಿ ಇದು ಮುಖ್ಯ. ಟ್ಯಾಪೆಂಟಡಾಲ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳೂ ಹೆರಾಯಿನ್‌ನಂತೆ ಅಫೀಮಿನ ಗುಂಪಿಗೇ ಸೇರಿದವು. ಈ ಗುಂಪಿನ ಚಟಕ್ಕೆ ಬುಪ್ರೆನಾರ್ಫಿನ್, ಮೆಥಡೋನ್, ನಾಲ್ಟ್ರೆಕ್ಸೋನ್ ಅನ್ನುವ ಔಷಧಗಳಿವೆ. ಮೊದಲ ಎರಡು 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಇವುಗಳಲ್ಲಿ ಯಾವುದಾದರೂ ಬೇಕಾ ಅಂತ ನೋಡಿ ಹೇಳಬೇಕಾದವರು ಮನೋವೈದ್ಯರು. "ನಾವು ಔಷಧಾನೇ ಕೊಡಲ್ಲ, ಬರೀ ಶಿಸ್ತು" ಅಂತ ಹೆಮ್ಮೆಪಡುವ ಸೆಂಟರ್ ಈ ಚಟಕ್ಕೆ ಬೇಡ. ಗಾಂಜಾಕ್ಕೆ ಮಾತ್ರ ಹೀಗೆ ಬೊಟ್ಟು ಮಾಡಿ ತೋರಿಸುವಂಥ ಔಷಧವಿಲ್ಲ, ಅಲ್ಲಿ ಕೌನ್ಸೆಲಿಂಗೇ ಮುಖ್ಯ. ಊಟದಲ್ಲಿ ಗೊತ್ತಾಗದಂತೆ ಬೆರೆಸಿ ಕೊಡಿ ಅನ್ನುವ ಪುಡಿಯ ಜಾಹೀರಾತು ಕಂಡರೆ ದೂರವಿಡಿ.

ಮತ್ತೆ ಶುರು ಮಾಡಿದರೆ? ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆ ಕೊಡುವ ಲೆಕ್ಕದ ಪ್ರಕಾರ ಚಿಕಿತ್ಸೆ ಪಡೆದವರಲ್ಲಿ 40ರಿಂದ 60% ಜನ ಮತ್ತೆ ಜಾರುತ್ತಾರೆ. ಬಿಪಿ, ಅಸ್ತಮಾ ಕೂಡ ಹೀಗೆ ಮರುಕಳಿಸುವ ಕಾಯಿಲೆಗಳೇ. ಅದಕ್ಕೇ "ನಮ್ಮಲ್ಲೂ ಅರ್ಧದಷ್ಟು ಜನ ಜಾರುತ್ತಾರೆ, ಆಗ ನಾವು ಹೀಗೆ ಮಾಡುತ್ತೇವೆ" ಅಂತ ಬಿಡಿಸಿ ಹೇಳುವವರನ್ನು ನಾನು ಹೆಚ್ಚು ನಂಬುತ್ತೇನೆ. ಬಿಟ್ಟ, ಬಿಡಲಿಲ್ಲ ಅನ್ನುವುದೊಂದೇ ಅಳತೆಯೂ ಅಲ್ಲ. ತಿಂಗಳಲ್ಲಿ ಎಷ್ಟು ದಿನ ತೆಗೆದುಕೊಳ್ಳುತ್ತಿದ್ದ, ಈಗ ಎಷ್ಟು ದಿನ? ಕೆಲಸಕ್ಕೆ ಹೋಗುತ್ತಿದ್ದಾನಾ? ಸಾಲ ಇಳಿದಿದೆಯಾ? ಒಳ್ಳೆಯ ಸೆಂಟರ್ ಇವನ್ನೆಲ್ಲ ಸೇರುವ ದಿನವೇ ಬರೆದಿಟ್ಟುಕೊಂಡು, ವರ್ಷದ ಮೇಲೆ ಮತ್ತೆ ಕೇಳಿ ಹೋಲಿಸುತ್ತದೆ.

ಸೇರಿಸುವ ಮೊದಲು ಖುದ್ದಾಗಿ ಹೋಗಿ ನೋಡಿ, ಆದಷ್ಟು ಊಟದ ಹೊತ್ತಿಗೆ. ಆಫೀಸ್ ರೂಮಿನ ಸೋಫಾದಲ್ಲಿ ಕೂತು ಕಾಫಿ ಕುಡಿದು ಬಂದರೆ ಏನೂ ಗೊತ್ತಾಗುವುದಿಲ್ಲ. ಒಳಗಿರುವ ಹುಡುಗರ ತಲೆ ಬೋಳಿಸಿದ್ದಾರಾ? ಪಾತ್ರೆ ತೊಳೆಯುವುದು, ಕಕ್ಕಸು ತೊಳೆಯುವುದು ಶಿಕ್ಷೆಯಾಗಿದೆಯಾ? ಹೊರಗಿನಿಂದ ಬೀಗ ಹಾಕಿದ ಕೋಣೆ ಇದೆಯಾ? ಮನೆಯವರ ಜೊತೆ ಫೋನಲ್ಲಿ ಮಾತಾಡಲು ಬಿಡುತ್ತಾರಾ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತ, ಡ್ರಗ್ಸ್‌ಗೆ ಸಂಬಂಧಿಸಿದ ಸಮಸ್ಯೆಗಳನ್ನೂ ಮಾನಸಿಕ ಕಾಯಿಲೆಯಲ್ಲೇ ಸೇರಿಸುತ್ತದೆ. ಆ ಕಾಯ್ದೆಯಲ್ಲಿ ಬಲವಂತವಾಗಿ ತಲೆ ಬೋಳಿಸುವುದು, ಬಲವಂತದ ಕೆಲಸ, ಸರಪಳಿ, ಒಂಟಿ ಕೋಣೆ ಯಾವುದಕ್ಕೂ ಅವಕಾಶವಿಲ್ಲ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯೂ ಆಗಿರಬೇಕು. ಆ ಸರ್ಟಿಫಿಕೇಟ್ ತೋರಿಸಿ ಅನ್ನಿ. ತೋರಿಸಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ಡಿಸ್ಚಾರ್ಜ್ ಆದ ಮೇಲೆ ಏನು ಅನ್ನುವುದಕ್ಕೆ ನಾನು ಕಟ್ಟಡಕ್ಕಿಂತ ಜಾಸ್ತಿ ತೂಕ ಕೊಡುತ್ತೇನೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ನಡೆಯುವುದು ಬರೀ 8 ದಿನ. ಆದರೆ ಬಿಟ್ಟವರು ಆಮೇಲೂ ಸೇರುತ್ತಿರಲಿ ಅಂತ ಊರಲ್ಲೇ ನವಜೀವನ ಸಮಿತಿ ಇರುತ್ತದೆ. ಅದು ಕುಡಿತಕ್ಕೆ ಮಾಡಿಕೊಂಡ ವ್ಯವಸ್ಥೆ, ನಿಮ್ಮ ತಮ್ಮನಿಗೆ ಸಾಲದು. ಆದರೆ ನೀವು ಕೇಳಬೇಕಾದ ಪ್ರಶ್ನೆ ಅಲ್ಲಿದೆ: ಮೂರನೇ ತಿಂಗಳು, ಆರನೇ ತಿಂಗಳು ಅವನನ್ನು ನೋಡುವವರು ಯಾರು?

ಅವನೇ ಒಪ್ಪದಿದ್ದರೆ ವ್ಯಾನ್ ಕಳಿಸಿ ಎತ್ತಿಕೊಂಡು ಬರುತ್ತೇವೆ ಅನ್ನುವವರ ಮಾತಿಗೆ ಸಿಕ್ಕಿಬೀಳಬೇಡಿ. ಒಪ್ಪಿಗೆಯಿಲ್ಲದೆ ಸೇರಿಸಬೇಕಾದರೆ ಇಬ್ಬರು ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಮೊದಲಿಗೆ ಇಟ್ಟುಕೊಳ್ಳಬಹುದಾದದ್ದು ಹೆಚ್ಚೆಂದರೆ 30 ದಿನ. ಎಲ್ಲರಿಗೂ ಅಡ್ಮಿಟ್ ಆಗುವ ಅಗತ್ಯವೂ ಇರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ದೂರದ ಊರಿನವರಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಮೊದಲು ಕಾಣಿ. ಅದಕ್ಕೂ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಡ್ರಗ್ಸ್ ಚಟಕ್ಕೇ ಇರುವ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ, ತಮ್ಮನ ಪರವಾಗಿ ನೀವೇ ಮಾಡಬಹುದು.