ದೋಣಿಗೆ ಕಂಬಳಿ ಹೊದಿಸಿ

ಚಳಿಗಾಲದಲ್ಲಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಿಗ್ಗೆಗೆ ಮೊಸರು ಆಗಿರುವುದಿಲ್ಲ. ಅದಕ್ಕೇ ಅಮ್ಮ ಪಾತ್ರೆಗೆ ಬಟ್ಟೆ ಸುತ್ತಿ ಒಲೆ ಪಕ್ಕ ಇಡುತ್ತಿದ್ದರು. ಅಮೆರಿಕದ ಮೇಯ್ನ್ ಕರಾವಳಿಯಲ್ಲಿ ಮರದ ದೋಣಿ ಕಟ್ಟುವ ನಾನು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ. ಇಲ್ಲಿ ಜನವರಿಯ ರಾತ್ರಿ ಮೈನಸ್ 10 ಡಿಗ್ರಿಗೆ ಇಳಿಯುವುದು ಮಾಮೂಲು. ಬೇಸಿಗೆಗೆ ದೋಣಿ ನೀರಿಗಿಳಿಯಬೇಕಾದರೆ ಮರಕ್ಕೆ ಅಂಟೂ ಲೇಪವೂ ಆಗುವ ಎಪಾಕ್ಸಿಯ ಕೆಲಸ ಈ ಚಳಿಯಲ್ಲೇ ಮುಗಿಯಬೇಕು.

ಎಪಾಕ್ಸಿ ಬಣ್ಣದ ಹಾಗೆ ಒಣಗುವುದಲ್ಲ. ರೆಸಿನ್ ಎಂಬ ಮಂದ ದ್ರವ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಎರಡೂ ಕೂಡಿ ಗಟ್ಟಿಯಾಗುತ್ತವೆ. ಅದಕ್ಕೆ ಶಾಖ ಬೇಕು. 10 ಡಿಗ್ರಿ ಇಳಿದರೆ ಗಟ್ಟಿಯಾಗಲು ಹಿಡಿಯುವ ಹೊತ್ತು ಸುಮಾರು ಎರಡು ಪಟ್ಟಾಗುತ್ತದೆ. ನಾನು ಬಳಸುವ ವೆಸ್ಟ್ ಸಿಸ್ಟಮ್ ಎಂಬ ಬ್ರ್ಯಾಂಡ್‌ನಲ್ಲಿ 206 ಎಂಬ ನಿಧಾನದ ಹಾರ್ಡನರ್‌ಗೆ ಕನಿಷ್ಠ 16 ಡಿಗ್ರಿ ಬೇಕು. 205 ಎಂಬ ವೇಗದ್ದು 4 ಡಿಗ್ರಿವರೆಗೂ ನಡೆಯುತ್ತದೆ. ಚಳಿಗಾಲಕ್ಕೆ 205 ಸಾಕು.

ಚಳಿ ಅಂತ ಹೆಪ್ಪು ಸ್ವಲ್ಪ ಜಾಸ್ತಿ ಹಾಕುತ್ತೇವೆ ಅಲ್ವಾ? ಹಾರ್ಡನರ್ ಮಾತ್ರ ಹಾಗೆ ಹಾಕಲೇಬೇಡಿ. ಐದು ಪಾಲು ರೆಸಿನ್‌ಗೆ ಒಂದು ಪಾಲು ಅಂದರೆ ಒಂದೇ. ಹೆಚ್ಚಾದದ್ದು ಕೂಡಿಕೊಳ್ಳಲು ರೆಸಿನ್ ಸಿಗದೆ ಒಳಗೇ ಉಳಿಯುತ್ತದೆ, ಅಂಟು ಸೊರಗುತ್ತದೆ. ಅಳತೆ ನಮಗೆ ಗೊತ್ತಿಲ್ಲದೆಯೂ ತಪ್ಪುತ್ತದೆ. ತಣ್ಣಗಿರುವ ರೆಸಿನ್ ಮಂದವಾಗಿ ಪಂಪ್‌ನಲ್ಲಿ ಪೂರ್ತಿ ಬರುವುದಿಲ್ಲ, ತೆಳುವಾದ ಹಾರ್ಡನರ್ ಸಲೀಸಾಗಿ ಬಂದುಬಿಡುತ್ತದೆ. ಅದಕ್ಕೆ ಡಬ್ಬಗಳನ್ನು ರಾತ್ರಿ ಮನೆಯೊಳಗೇ ಇಡಿ. ಜೇನುತುಪ್ಪದ ಹಾಗೆ ರೆಸಿನ್ ಹರಳುಗಟ್ಟಿದ್ದರೆ ಎಸೆಯಬೇಡಿ. ಸುಮಾರು 50 ಡಿಗ್ರಿಯ ಬಿಸಿನೀರಲ್ಲಿ ಡಬ್ಬ ಇಟ್ಟರೆ ಮತ್ತೆ ತಿಳಿಯಾಗುತ್ತದೆ.

ಮೊದಲ ಚಳಿಗಾಲದಲ್ಲಿ ನಾನು ಸೀಮೆಎಣ್ಣೆ ಹೀಟರ್ ಹಚ್ಚಿದ್ದೆ. ಗೋಡೆಯ ಥರ್ಮಾಮೀಟರ್ 20 ಡಿಗ್ರಿ ತೋರಿಸುತ್ತಿತ್ತು. ಬೆಳಿಗ್ಗೆ ದೋಣಿಯ ಮೈ ಮುಟ್ಟಿದರೆ ಬೆಣ್ಣೆ ಸವರಿದಂತೆ ಜಿಡ್ಡು. ಹಾಗೇ ಉಜ್ಜಿ ಬಣ್ಣ ಬಳಿದೆ. ಜೂನ್‌ನಲ್ಲಿ ಆ ಬಣ್ಣ ಬಾಳೆಹಣ್ಣಿನ ಸಿಪ್ಪೆಯಂತೆ ಕಿತ್ತು ಬಂತು. ದೋಣಿಯ ಮಾಲೀಕರ ಮುಖ ಇಂದಿಗೂ ನೆನಪಿದೆ. ಆದದ್ದು ಇಷ್ಟು. ಹೊಗೆಕೊಳವೆ ಇಲ್ಲದ ಹೀಟರ್ ಉರಿಯುವಾಗ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿಯನ್ನು ಕೋಣೆಯೊಳಕ್ಕೇ ಬಿಡುತ್ತದೆ. ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ರಾಸಾಯನಿಕ ಇವೆರಡರ ಜೊತೆ ಸೇರಿ ಮೇಲೆ ಮೇಣದಂಥ ಪೊರೆ ಕಟ್ಟುತ್ತದೆ. ಅದು ನೀರಿಗೆ ಕರಗುತ್ತದೆ. ಹಾಗಾಗಿ ಮೊದಲು ನೀರು, ನಾರಿನ ಬ್ರಷ್ಷು. ಆಮೇಲೆ ಮರಳು ಕಾಗದ. ನಾನು ಉಲ್ಟಾ ಮಾಡಿ, ಜಿಡ್ಡನ್ನೆಲ್ಲ ಮೈಯೊಳಕ್ಕೆ ಉಜ್ಜಿದ್ದೆ. ಮುಚ್ಚಿದ ಶೆಡ್‌ನಲ್ಲಿ ಅಂಥ ಹೀಟರ್ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವವನ್ನೂ ತೆಗೆಯಬಹುದು. ಆ ಹೀಟರ್ ಮತ್ತೆ ಒಳಗೆ ಬಂದಿಲ್ಲ.

ಈಗ ಶೆಡ್ ಬಿಸಿ ಮಾಡಲು ಹೋಗುವುದೇ ಇಲ್ಲ. ಎಷ್ಟು ಕಾಯಿಸಿದರೂ ಬಿಸಿಗಾಳಿ ಮಾಡಿನಡಿ ಹೋಗಿ ಕೂರುತ್ತದೆ. ಕಾಂಕ್ರೀಟ್ ನೆಲದ ಹತ್ತಿರದ ಮರ ತಣ್ಣಗೇ ಇರುತ್ತದೆ. ಅದರ ಬದಲು ಬೋರಲು ಹಾಕಿದ ದೋಣಿಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೆ ಕಂಬಳಿಗಳನ್ನು ನೆಲದವರೆಗೆ ಇಳಿಬಿಡುತ್ತೇನೆ. ಒಳಗೆ ಎಣ್ಣೆ ತುಂಬಿದ ವಿದ್ಯುತ್ ರೇಡಿಯೇಟರ್, ಬಟ್ಟೆಗೂ ಮರಕ್ಕೂ ತಾಗದಂತೆ. ದೋಣಿಯ ಹೊಟ್ಟೆಯೇ ಬಿಸಿಗಾಳಿ ಹಿಡಿದಿಡುತ್ತದೆ. ಇದನ್ನು ಹಿಂದಿನ ದಿನವೇ ಶುರುಮಾಡಿ, ಮರ ನಿಧಾನಕ್ಕೆ ಕಾಯುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರನ್ನು ಮರದ ಮೈಗೇ ಹಿಡಿದು ನೋಡಿ, ಅದರಲ್ಲೂ ನೆಲಕ್ಕೆ ಹತ್ತಿರದ ಅಂಚಿನಲ್ಲಿ. ಅಲ್ಲಿ 18 ತೋರಿಸಿದರೆ ಮಾತ್ರ ನಾನು ಎಪಾಕ್ಸಿ ಕಲಸುತ್ತೇನೆ.

ಮೊದಲ ಕೋಟ್ ಹಚ್ಚುವ ಮುಂಚೆ ರೇಡಿಯೇಟರ್ ಆಫ್ ಮಾಡಿ. ವಿಚಿತ್ರ ಅನ್ನಿಸಬಹುದು. ಮರ ಬಿಸಿಯಾಗುತ್ತಾ ಹೋದರೆ ಅದರ ರಂಧ್ರಗಳಲ್ಲಿರುವ ಗಾಳಿ ಹಿಗ್ಗಿ ಹೊರಬರುತ್ತದೆ, ಹಸಿ ಎಪಾಕ್ಸಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಏಳುತ್ತವೆ. ಮರ ತಣಿಯುತ್ತಿದ್ದರೆ ಅದೇ ರಂಧ್ರ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಪಾಕ್ಸಿ ಗಟ್ಟಿಯಾಗಲು ಶುರುವಾಗಿ, ಬೆರಳಿಗೆ ಅಂಟಿದರೂ ಎಳೆ ಬರದಿದ್ದಾಗ ರೇಡಿಯೇಟರ್ ಮತ್ತೆ ಹಾಕಿ ಕಂಬಳಿ ಇಳಿಬಿಡಿ. ಬೆಳಿಗ್ಗೆ ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಇನ್ನೊಂದು ರಾತ್ರಿ ಹಾಗೇ ಮುಚ್ಚಿಡಿ.