ಗೇರ್ ಬಾಕ್ಸಿನ ಎಣ್ಣೆ ಎಲ್ಲಿಗೆ ಹೋಯಿತು?

ಎಂಜಿನ್ ಆಯಿಲ್ ನೋಡಲು ಕಡ್ಡಿ ಇದೆ. ಒತ್ತಡ ಇಳಿದರೆ ಎದುರಿಗೇ ಕೆಂಪು ದೀಪ ಉರಿಯುತ್ತದೆ. ಮ್ಯಾನುವಲ್ ಗೇರ್ ಬಾಕ್ಸಿಗೆ ಹೆಚ್ಚಿನ ಕಾರುಗಳಲ್ಲಿ ಇವೆರಡೂ ಇಲ್ಲ. ಎಣ್ಣೆ ಕಡಿಮೆಯಾದರೂ ಕಾರು ಓಡುತ್ತಲೇ ಇರುತ್ತದೆ. ಗೊತ್ತಾಗುವುದು ಬೇರಿಂಗ್ ಕೂಗಲು ಶುರು ಮಾಡಿದ ಮೇಲೆ.

ಹಾಗಂತ ಆಗಾಗ ತುಂಬಿಸುತ್ತಾ ಇರಬೇಕಾ? ಬೇಡ. ಎಂಜಿನ್ ತನ್ನ ಎಣ್ಣೆಯನ್ನು ಸ್ವಲ್ಪ ಸ್ವಲ್ಪ ಸುಡುತ್ತದೆ. ಗೇರ್ ಬಾಕ್ಸಿನಲ್ಲಿ ಬೆಂಕಿಯೇ ಇಲ್ಲ. ಅಲ್ಲಿ ಎಣ್ಣೆ ಹಳತಾಗುತ್ತದೆ, ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಅಷ್ಟೆ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಹೊರಬರುವ ಜಾಗದ ಆಯಿಲ್ ಸೀಲ್, ಅಂದರೆ ಎಣ್ಣೆ ತಡೆಯುವ ರಬ್ಬರ್ ಬಳೆ, ಅದರ ಮೇಲೆ ಮೊದಲ ಅನುಮಾನ. ಕ್ಲಚ್ ಕಡೆಯ ಸೀಲ್ ಸೋರಿದರೆ ಇನ್ನೂ ಕಷ್ಟ, ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿ ಜಾರತೊಡಗುತ್ತದೆ. "ಟಾಪ್ ಅಪ್ ಮಾಡಿದ್ದೇವೆ ಸರ್" ಎಂದು ಗ್ಯಾರೇಜಿನಲ್ಲಿ ಹೇಳಿದರೆ, ಎಲ್ಲಿಂದ ಸೋರಿತ್ತು ಎಂದು ಕೇಳಿ.

ಚಿಕ್ಕ ಕಾರುಗಳ ಗೇರ್ ಬಾಕ್ಸಿನಲ್ಲಿ ಸಾಮಾನ್ಯವಾಗಿ ಎಣ್ಣೆ ಪಂಪ್ ಇರುವುದಿಲ್ಲ. ತಳದಲ್ಲಿ ಎರಡು ಲೀಟರ್ ಆಸುಪಾಸು ಎಣ್ಣೆ ನಿಂತಿರುತ್ತದೆ. ಗೇರುಗಳ ಹಲ್ಲು ಅದರಲ್ಲಿ ಮುಳುಗಿ ಏಳುತ್ತಾ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಮೇಲಿನ ಬೇರಿಂಗುಗಳು ಬದುಕುವುದು ಆ ಎರಚಲಿನಿಂದ. ಎಂಜಿನ್ ಅಡ್ಡ ಕೂತಿರುವ ಬಹಳಷ್ಟು ಕಾರುಗಳಲ್ಲಿ ಐದನೇ ಗೇರ್ ಪೆಟ್ಟಿಗೆಯ ಒಂದು ಕೊನೆಯಲ್ಲಿರುತ್ತದೆ. ಮಟ್ಟ ಇಳಿದಾಗ ಎಷ್ಟೋ ಸಲ ಮೊದಲು ಬರ ಬರುವುದು ಅದಕ್ಕೇ. ಹಾಗಾಗಿ ಎರಡನೇ ಗೇರಿನಲ್ಲಿ ಶಿರಾಡಿ ಘಾಟಿ ಹತ್ತುವಾಗ ಏನೂ ಆಗದ ಗೇರ್ ಬಾಕ್ಸು, ಉಡುಪಿಯಿಂದ ಕುಂದಾಪುರಕ್ಕೆ ಹಾಯಾಗಿ ಐದನೇ ಗೇರಿನಲ್ಲಿ ಹೋಗುವಾಗ ಪೆಟ್ಟು ತಿನ್ನಬಹುದು. ವಿಚಿತ್ರ ಅಲ್ವಾ?

ಒಂದಿಷ್ಟು ಜಾಸ್ತಿ ಇರಲಿ ಎಂದು ತುಂಬಿಸಿದರೂ ಆಗದು. ಮಜ್ಜಿಗೆ ಕಡೆದ ಹಾಗೆ ನೊರೆ ಏಳುತ್ತದೆ. ಹಲ್ಲುಗಳ ನಡುವಿನ ಒತ್ತಡವನ್ನು ಗಾಳಿಗುಳ್ಳೆ ತಡೆಯುವುದಿಲ್ಲ. ಬಿಸಿ ಏರುತ್ತದೆ, ಹೆಚ್ಚಾದ ಎಣ್ಣೆ ಸೀಲನ್ನು ಒತ್ತಿಕೊಂಡು ಹೊರಬರುತ್ತದೆ.

ಸರಿಯಾದ ಮಟ್ಟ ಯಾವುದು? ಹೆಚ್ಚಿನ ಗೇರ್ ಬಾಕ್ಸುಗಳ ಬದಿಯಲ್ಲಿ ಎಣ್ಣೆ ತುಂಬುವ ತೂತಿಗೆ ಫಿಲ್ಲರ್ ಪ್ಲಗ್ ಎಂಬ ಮುಚ್ಚಳ ಇದೆ. ಅದನ್ನು ಬಿಚ್ಚಿದಾಗ ಎಣ್ಣೆ ತೂತಿನ ಕೆಳಅಂಚಿಗೆ ಸರಿಯಾಗಿ ನಿಂತಿರಬೇಕು. ಕೆಲವು ಮಾದರಿಗಳ ಲೆಕ್ಕ ಬೇರೆ, ಕಾರಿನ ಪುಸ್ತಕ ನೋಡಿ. ಕಾರು ತಣ್ಣಗಿರಲಿ. 60 ಡಿಗ್ರಿ ಬಿಸಿ ಏರಿದರೆ ಎರಡು ಲೀಟರ್ ಎಣ್ಣೆ ಸುಮಾರು 80 ಮಿಲಿಲೀಟರ್ ಹಿಗ್ಗುತ್ತದೆ. ನಾಲ್ಕೂ ಚಕ್ರ ಸಮನಾಗಿರಬೇಕು, ಮುಂದೆ ಮಾತ್ರ ಜ್ಯಾಕ್ ಕೊಟ್ಟರೆ ಕಾಣುವ ಮಟ್ಟ ಸುಳ್ಳು. ಮಂಗಳೂರಿನ ಏರುತಗ್ಗಿನಲ್ಲಿ ಸಮತಟ್ಟು ಜಾಗ ಹುಡುಕುವುದೇ ದೊಡ್ಡ ಕೆಲಸ ಅನ್ನಿ!

ನಮ್ಮ ಕರಾವಳಿಯಲ್ಲಿ ಮಟ್ಟ ಏರುವುದೂ ಉಂಟು. ಗೇರ್ ಬಾಕ್ಸಿಗೆ ಬ್ರೀದರ್ ಎಂಬ ಚಿಕ್ಕ ಉಸಿರುದಾರಿ ಇದೆ. ಮಳೆಗಾಲದಲ್ಲಿ ಮಂಗಳೂರಿನ ಕೊಟ್ಟಾರ ಚೌಕಿಯಂಥ ಕಡೆ ನಿಂತ ನೀರಿಗೆ ಕಾರು ಇಳಿಸುತ್ತೀರಿ ಎಂದುಕೊಳ್ಳಿ. ಬಿಸಿ ಪೆಟ್ಟಿಗೆ ಥಟ್ಟನೆ ತಣ್ಣಗಾಗುತ್ತದೆ. ಒಳಗಿನ ಗಾಳಿ ಕುಗ್ಗುತ್ತದೆ. ಆಗ ಬ್ರೀದರ್ ಅಥವಾ ಸವೆದ ಸೀಲ್ ನೀರಿನಡಿ ಇದ್ದರೆ, ಒಳಗೆ ಎಳೆಯುವುದು ನೀರನ್ನೇ. ಎಣ್ಣೆ ಮಬ್ಬಾಗಿ ಬಿಳಿಚಿಕೊಳ್ಳುತ್ತದೆ. ಅಂಥ ಎಣ್ಣೆಯನ್ನು ಪೂರ್ತಿ ಬದಲಿಸಲೇಬೇಕು.

ಬದಲಿಸುವಾಗ ಪುಸ್ತಕದಲ್ಲಿ ಹೇಳಿದ ದರ್ಜೆಯನ್ನೇ ಹಾಕಿಸಿ. ಜಿಎಲ್-4 ಎಂದಿರುವಲ್ಲಿ ಜಿಎಲ್-5 ಹಾಕುವುದು ಉಪಕಾರವಲ್ಲ. ಅದರಲ್ಲಿ ಜಾಸ್ತಿ ಇರುವ ಗಂಧಕ, ರಂಜಕದ ರಾಸಾಯನಿಕಗಳು, ಗೇರ್ ನಯವಾಗಿ ಬೀಳಲು ನೆರವಾಗುವ ಸಿಂಕ್ರೊ ರಿಂಗಿನ ಹಿತ್ತಾಳೆಯನ್ನು ತಿನ್ನಬಹುದು. ಮತ್ತೆ, ಎಣ್ಣೆ ಇಳಿಸುವ ಡ್ರೈನ್ ಪ್ಲಗ್ ಮುಟ್ಟುವ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಲು ಹೇಳಿ. ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ, ಹಳೆ ಎಣ್ಣೆ ಇಳಿಸಿದ ಮೇಲೆ ಹೊಸದನ್ನು ಹಾಕಲು ದಾರಿಯೇ ಇರುವುದಿಲ್ಲ.